ಜಿಐಎಸ್ ಕಲಿಯಲು ಯಾವುದು ಮೇಲು: ಉಪನ್ಯಾಸವೋ, ಕಾರ್ಯಾಗಾರವೋ, ಆನ್‌ಲೈನ್ ಕೋರ್ಸೋ?

ಜಿಐಎಸ್ ಎಂದರೆ ನಕ್ಷೆ ಮತ್ತು ಸ್ಥಳದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಒಟ್ಟಿಗೆ ಇಟ್ಟು ನೋಡುವ, ಅಳೆಯುವ ತಂತ್ರ. ಆಗಸ್ಟ್ ಮತ್ತು ನವೆಂಬರ್ ಬಂದರೆ ಭೂಗೋಳ ವಿಭಾಗದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದರ ಹಿಂದೊಂದು ಆಹ್ವಾನ ಬರುತ್ತವೆ. ಆಗಸ್ಟ್ 12 ವಿಕ್ರಮ್ ಸಾರಾಭಾಯಿ ಹುಟ್ಟಿದ ದಿನ, ಅಂದೇ ರಾಷ್ಟ್ರೀಯ ದೂರಸಂವೇದಿ (ಉಪಗ್ರಹದಂಥವುಗಳಿಂದ ದೂರದಿಂದಲೇ ಭೂಮಿಯನ್ನು ನೋಡಿ ಅಳೆಯುವ ವಿದ್ಯೆ) ದಿನ. ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. ನವೆಂಬರ್‌ನ ಮೂರನೇ ಬುಧವಾರ ಜಿಐಎಸ್ ದಿನ. ವಿಶ್ವವಿದ್ಯಾಲಯಗಳ ಉಪನ್ಯಾಸ, ಕಾರ್ಯಾಗಾರಗಳು ಹೆಚ್ಚಾಗಿ ಇವುಗಳ ಆಸುಪಾಸಿನಲ್ಲೇ ನಡೆಯುತ್ತವೆ. ಆಗ ನನ್ನ ವಿದ್ಯಾರ್ಥಿಗಳು ಕೇಳುವುದು ಒಂದೇ: "ಸರ್, ಯಾವುದಕ್ಕೆ ಹೋಗಲಿ?"

ನಾನು ಕೋಲಾರದ ಕಡೆಯ ಪದವಿ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಎಲ್ಲ ಕಡೆಗೂ ಒಂದೇ ಪ್ರಶ್ನೆ ಹೊತ್ತುಕೊಂಡು ಹೋಗಿದ್ದೇನೆ. ಬೆಂಗಳೂರಿನ ತ್ಯಾಜ್ಯ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ಅದರಿಂದ ಯಾವ ಕೆರೆಯಲ್ಲಿ ಎಷ್ಟು ನೀರು ಹರಡಿದೆ ಎಂದು ಉಪಗ್ರಹ ಚಿತ್ರದಲ್ಲಿ ಅಳೆಯುವುದು ಹೇಗೆ? ಪ್ರಶ್ನೆ ಒಂದೇ ಆದ್ದರಿಂದ ಹೋಲಿಸುವುದು ಸುಲಭವಾಯಿತು.

ಮೊದಲು ಒಂದು ಗಂಟೆಯ ವಿಶೇಷ ಉಪನ್ಯಾಸ. ಸಾಮಾನ್ಯವಾಗಿ ಮೊದಲ ಅರ್ಧ ಭಾಗ ಎಲ್ಲರಿಗೂ ಗೊತ್ತಿರುವುದೇ. 1972ರಿಂದ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿವೆ, 2008ರಿಂದ ಅವು ಉಚಿತ, ಬೆಂಗಳೂರು ಹೀಗೆ ಬೆಳೆಯಿತು ನೋಡಿ, ಅಂತ. ನಿಜವಾದ ಪಾಠ ಇರುವುದು ಕೊನೆಯ ಪ್ರಶ್ನೋತ್ತರದಲ್ಲಿ. ನಾನು ಕೆರೆಗಳ ಬಗ್ಗೆ ಕೇಳಿದಾಗ ಉಪನ್ಯಾಸಕರು ಮರುಪ್ರಶ್ನೆ ಹಾಕಿದರು: "ನಿಮ್ಮ ಕೆರೆ ಮೇಲೆ ಕಳೆ ಬೆಳೆದಿದೆಯಾ?" ನೀರಿನ ಮೇಲೆ ತೇಲುವ ಕಳೆ ಹಬ್ಬಿದ್ದರೆ ಉಪಗ್ರಹದ ಕಣ್ಣಿಗೆ ಅದು ಕೆರೆಯಲ್ಲ, ಹಸಿರು ಹೊಲ. ತುಂಬಿದ ಕೆರೆಯೂ ಲೆಕ್ಕದಲ್ಲಿ ಬತ್ತಿದ ಕೆರೆಯಾಗುತ್ತದೆ. ವರ್ಷಗಟ್ಟಲೆ ಕೆಲಸ ಮಾಡಿದವರ ಬಾಯಿಂದ ಮಾತ್ರ ಬರುವ ಮಾತು ಇದು. ಆದರೆ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತರೆ ಏನು ಒತ್ತಬೇಕು ಎಂಬುದು ಉಪನ್ಯಾಸದಿಂದ ತಿಳಿಯುವುದಿಲ್ಲ.

ಆನ್‌ಲೈನ್‌ನಲ್ಲಿ ನಾನು ಸೇರಿದ್ದು ಇಸ್ರೋದ ದೂರಸಂವೇದಿ ಸಂಸ್ಥೆ ಐಐಆರ್‌ಎಸ್ ನಡೆಸುವ ಕೋರ್ಸಿಗೆ. ಡೆಹ್ರಾಡೂನ್‌ನ ಈ ಸಂಸ್ಥೆ ಶುರುವಾದದ್ದು 1966ರಲ್ಲಿ. 2007ರಿಂದ ದೂರದವರಿಗೂ ಪಾಠ ಮಾಡುತ್ತಿದೆ. ಶುಲ್ಕವಿಲ್ಲ. ತರಗತಿ ತಪ್ಪಿಸದೆ ಕೂತರೆ ಪ್ರಮಾಣಪತ್ರವೂ ಸಿಗುತ್ತದೆ. ಬೆಳಕಿನ ಅಲೆಗಳಿಂದ ಹಿಡಿದು ರೇಡಾರ್‌ವರೆಗೆ ಇಷ್ಟು ಕ್ರಮವಾಗಿ ಹೇಳಿಕೊಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ನೀರು ನಿಯರ್ ಇನ್‌ಫ್ರಾರೆಡ್ (ಕೆಂಪಿನಾಚೆಯ, ಕಣ್ಣಿಗೆ ಕಾಣದ) ಬೆಳಕನ್ನು ಹೀರಿಕೊಳ್ಳುತ್ತದೆ, ಗಿಡ ಅದನ್ನೇ ಜಾಸ್ತಿ ಹಿಂದಕ್ಕೆ ಕಳಿಸುತ್ತದೆ ಎಂಬುದು ಇಲ್ಲಿ ಸರಿಯಾಗಿ ಮನಸ್ಸಿಗೆ ಕೂತಿತು. ಉಪನ್ಯಾಸದಲ್ಲಿ ಕೇಳಿದ ಕಳೆಯ ಮಾತಿಗೆ ಕಾರಣವೂ ಸಿಕ್ಕಿತು. ಕೊರತೆ ಏನೆಂದರೆ, ಪ್ರಾಯೋಗಿಕ ಭಾಗವನ್ನು ಪರದೆಯ ಮೇಲೆ ನೋಡಬೇಕು ಅಷ್ಟೇ. ನಮ್ಮ ಕಂಪ್ಯೂಟರಿನಲ್ಲಿ ಕೆಂಪು ಅಕ್ಷರದ ದೋಷ ಬಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಇನ್ನು ಕಾರ್ಯಾಗಾರ. ಇದರಲ್ಲೇ ಎರಡು ಜಾತಿ ಇವೆ, ವ್ಯತ್ಯಾಸ ದೊಡ್ಡದು.

ಒಂದು ಕಡೆ ದುಬಾರಿ ಲೈಸೆನ್ಸ್‌ನ ಸಾಫ್ಟ್‌ವೇರ್, ಅದರ ಜೊತೆಗೇ ಬರುವ ಅಮೆರಿಕದ ಯಾವುದೋ ಊರಿನ ನಕ್ಷೆ. ಹೇಳಿದ ಗುಂಡಿ ಒತ್ತಿದೆವು, ಹೇಳಿದ ಚಿತ್ರ ಬಂತು. ಮನೆಗೆ ಹೋದ ಮೇಲೆ ಆ ಸಾಫ್ಟ್‌ವೇರ್ ಯಾರ ಬಳಿಯೂ ಇಲ್ಲ. ಬೇರೆ ಬೇರೆ ಜಿಲ್ಲೆಗಳಿಂದ ರಾತ್ರಿ ಬಸ್ಸಿನಲ್ಲಿ ಬಂದ ಹುಡುಗ ಹುಡುಗಿಯರು ಅಲ್ಲಿದ್ದರು, ಅವರನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಇನ್ನೊಂದು ಕಡೆ ಕ್ಯೂಜಿಐಎಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ ಸಾಫ್ಟ್‌ವೇರ್. ನಿಮ್ಮ ಊರಿನ ಡೇಟಾ ತನ್ನಿ ಎಂದು ಮೊದಲೇ ಹೇಳಿದ್ದರು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದ ಒಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ. "ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ" ಎಂದರು ಕಲಿಸುವವರು. ಲ್ಯಾಂಡ್‌ಸ್ಯಾಟ್‌ನಲ್ಲಾದರೆ ಸುಮಾರು ಒಂಬತ್ತು ಗುಂಟೆ. ಇಷ್ಟು ಹೇಳಿದ ಮೇಲೆ ಯಾವ ಕೆರೆಗೆ ಯಾವ ಉಪಗ್ರಹ ಎಂದು ಯಾರೂ ಮತ್ತೆ ಕೇಳಲಿಲ್ಲ!

ಅಲ್ಲೇ ಇನ್ನೊಂದು ಪಾಠವಾಯಿತು. ನಕ್ಷೆ ಮಾಡಲು ಭೂಮಿಯನ್ನು ರೇಖಾಂಶದ ಮೇಲೆ ಪಟ್ಟಿಗಳಾಗಿ ಭಾಗ ಮಾಡಿರುತ್ತಾರೆ, ಇವೇ ಯುಟಿಎಂ ವಲಯಗಳು. 43 ಮತ್ತು 44ನೇ ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆಯೊಳಗೇ ಹಾದುಹೋಗುತ್ತದೆ. ಮಾಲೂರು ಪಟ್ಟಣ ಯುಟಿಎಂ 43ನೇ ವಲಯದಲ್ಲಿದೆ, ಕೋಲಾರ ಪಟ್ಟಣ 44ರಲ್ಲಿ. 44ರ ಫೈಲಿಗೆ 43 ಎಂದು ಹೆಸರು ಕೊಟ್ಟರೆ ಕೋಲಾರದ ಕೆರೆ ಹೋಗಿ ಅರಬ್ಬಿ ಸಮುದ್ರದಲ್ಲಿ ಕೂರುತ್ತದೆ. ಪಕ್ಕದ ಹುಡುಗಿಯ ಪರದೆಯಲ್ಲಿ ಹಾಗೇ ಆಯಿತು. ಕಲಿಸುವವರು ಬಂದು ಅದನ್ನು ಎಲ್ಲರ ಮುಂದೆ ಬಿಡಿಸಿ ತೋರಿಸಿದರು. ಬರೀ ವಿಡಿಯೊ ನೋಡಿದ್ದರೆ ಇದು ಸಿಗುತ್ತಿತ್ತಾ? ಆಮೇಲೆ 2017 ಮತ್ತು 2019ರ ಏಪ್ರಿಲ್ ಚಿತ್ರ ತೆಗೆದುಕೊಂಡೆವು. ಒಂದೇ ತಿಂಗಳಾಗಬೇಕು, ಇಲ್ಲದಿದ್ದರೆ ಮಳೆ ನೀರೂ ಯೋಜನೆಯ ನೀರೂ ಬೆರೆತುಹೋಗುತ್ತವೆ. ಉಪಗ್ರಹ ಒಂದೊಂದು ಬಗೆಯ ಬೆಳಕನ್ನು ಬೇರೆ ಬೇರೆಯಾಗಿ ದಾಖಲಿಸುತ್ತದೆ, ಇವೇ ಬ್ಯಾಂಡ್. ಹಸಿರು ಬ್ಯಾಂಡ್‌ನಿಂದ ನಿಯರ್ ಇನ್‌ಫ್ರಾರೆಡ್ ಕಳೆದು, ಎರಡರ ಮೊತ್ತದಿಂದ ಭಾಗಿಸಿದೆವು. ಸೊನ್ನೆಗಿಂತ ಮೇಲೆ ಬಂದದ್ದು ಹೆಚ್ಚಾಗಿ ನೀರು. ನಮ್ಮ ಕೆರೆಯ ಅಂಗಳ ನೀಲಿಯಾಗಿ ಕಾಣಿಸಿದಾಗ ಆದ ಸಂತೋಷ ಬೇರೆ.

ಹಾಗಾಗಿ ನನ್ನ ಆಯ್ಕೆ ಎರಡನೇ ಜಾತಿಯ ಕಾರ್ಯಾಗಾರ. ಆದರೆ ಮೊದಲು ಆನ್‌ಲೈನ್ ಕೋರ್ಸ್ ಮುಗಿಸಿ ಹೋಗಿ. ಬ್ಯಾಂಡ್ ಎಂದರೇನು ಎಂದು ಕೇಳುವುದರಲ್ಲೇ ಮೊದಲ ದಿನ ಕಳೆಯುವವರನ್ನು ನೋಡಿದ್ದೇನೆ. ಉಪನ್ಯಾಸ ಹತ್ತಿರದಲ್ಲಿದ್ದರೆ ಖಂಡಿತ ಹೋಗಿ, ಕೈಯಲ್ಲೊಂದು ಪ್ರಶ್ನೆ ಇಟ್ಟುಕೊಂಡು. ಅದಕ್ಕೆಂದೇ ರಜೆ ಹಾಕಿ ದೂರ ಪ್ರಯಾಣ ಮಾಡುವುದು ಬೇಡ.

ಕಾರ್ಯಾಗಾರಕ್ಕೆ ದುಡ್ಡು ಕಟ್ಟುವ ಮುಂಚೆ ಆಯೋಜಕರಿಗೆ ಒಂದು ಫೋನ್ ಮಾಡಿ. ಸಾಫ್ಟ್‌ವೇರ್ ಯಾವುದು, ನನ್ನ ತಾಲೂಕಿನ ಡೇಟಾ ತರಬಹುದಾ, ಒಂದು ಕಂಪ್ಯೂಟರಿಗೆ ಎಷ್ಟು ಜನ ಎಂದು ಕೇಳಿ. ಒಂದಕ್ಕೆ ಮೂವರು ಎಂದರೆ ನಿಮ್ಮ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ. ಹಿಂದಿನ ರಾತ್ರಿಯೇ ಕ್ಯೂಜಿಐಎಸ್ ಹಾಕಿಕೊಂಡಿರಿ, ಲ್ಯಾಬಿನ ಇಂಟರ್ನೆಟ್‌ನಲ್ಲಿ ಎಲ್ಲರೂ ಒಟ್ಟಿಗೆ ಇಳಿಸಲು ಕೂತರೆ ಬೆಳಗ್ಗೆಯೆಲ್ಲ ಅದರಲ್ಲೇ ಹೋಗುತ್ತದೆ.