ಗ್ಲೋಫಾಸ್ ವೆಬ್‌ಸೈಟ್: ಹೊಳಿ ದಂಡಿ ರೈತರು ನೋಡಲೇಬೇಕು

ಕೃಷ್ಣಾ ದಂಡಿಮ್ಯಾಲ ಮೋಟರ್ ಇಟ್ಟವ್ರಿಗೆಲ್ಲಾ ಇದರ ಬಗ್ಗೆ ಹೇಳಾಕಬೇಕ್ರಿ. ಗ್ಲೋಫಾಸ್ ಅಂದ್ರ ಹೊಳಿಗೆ ಮಹಾಪೂರ ಬರೋ ಚಾನ್ಸ್ ಎಷ್ಟು ಅಂತ ಮೊದಲ ಅಂದಾಜು ಹೇಳೋ ವೆಬ್‌ಸೈಟ್. ನಡಸೋರು ಯುರೋಪಿನ ಕೋಪರ್ನಿಕಸ್ (ಯುರೋಪಿಯನ್ ಒಕ್ಕೂಟದ ಭೂಮಿ ಗಮನಿಸೋ ಯೋಜನೆ), ಪೂರಾ ಫ್ರೀ, ಜಗತ್ತಿನ ದೊಡ್ಡ ಹೊಳಿ ಎಲ್ಲಾ ಅದಾವು, ನಮ್ಮ ಕೃಷ್ಣಾನೂ ಐತಿ.

ಇದು "ನಾಳೆ ಇಷ್ಟು ನೀರು ಬರ್ತೈತಿ" ಅಂತ ಒಂದ ನಂಬರ್ ಹೇಳಿ ಸುಮ್ಮನಾಗೂದಿಲ್ಲ. ಹವಾಮಾನದ ಲೆಕ್ಕ ಸ್ವಲ್ಪ ಸ್ವಲ್ಪ ಬದಲಿಸಿ 51 ನಮೂನಿ ಮಾಡಿ, ಒಂದೊಂದರ ಮಳಿಯಿಂದ ಹೊಳಿಗೆ ಎಷ್ಟು ನೀರು ಅಂತ 30 ದಿನದ ತನಕ ತೋರಸ್ತಾರ. ಗ್ರಾಫ್ ಕೆಳಗ ಒಂದು ಟೇಬಲ್ ಐತಲ್ಲ, ಅದನ್ನ ನೋಡ್ರಿ: 2 ವರ್ಷಕ್ಕೊಮ್ಮೆ, 5 ವರ್ಷಕ್ಕೊಮ್ಮೆ, 20 ವರ್ಷಕ್ಕೊಮ್ಮೆ ಬರೋ ಮಟ್ಟ ದಾಟೋ ಚಾನ್ಸ್ ಯಾವ ದಿನ ಎಷ್ಟು ಪರ್ಸೆಂಟ್ ಅಂತ ಇರ್ತೈತಿ. 30 ಪರ್ಸೆಂಟ್ ಅಂದ್ರ ಬರೂದಿಲ್ಲ ಅಂತ ತಿಳಕೋಬ್ಯಾಡ್ರಿ, ಹಂಗ ತೋರಿಸಿದಾಗ ಹತ್ತರಾಗ ಮೂರು ಸಲ ಬಂದ್ರ ಅಂದಾಜು ಸರೀನ ಐತಿ ಅಂತ ಅರ್ಥ. ಮೋಟರ್ ಎತ್ತಾಕ ನಾಕು ಆಳು, ಅರ್ಧ ದಿನದ ಕೂಲಿ, ಮುಳುಗಿದ್ರ ರಿವೈಂಡಿಂಗ್ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು, ಅದಕ್ಕ 30ಕ್ಕ ಎತ್ತಿಬಿಡ್ರಿ. ಮೇವು, ದನ ಸಾಗಸೂದಕ್ಕ ಇನ್ನೊಂದೆರಡು ದಿನ ನೋಡಬಹುದು. ಜೀವದ ವಿಷಯಕ್ಕ ಮಾತ್ರ ಪರ್ಸೆಂಟ್ ನೋಡಕೋತ ಕೂಡ್ರಬ್ಯಾಡ್ರಿ, ತಾಲೂಕಿನವ್ರು ಏಳ್ರಿ ಅಂದ್ರ ಏಳಬೇಕು.

ಈಗ ಕೊರತಿ. ಮ್ಯಾಲ ಮಹಾರಾಷ್ಟ್ರದಾಗಿರೋ 105 ಟಿಎಂಸಿ ಕೊಯ್ನಾ ಡ್ಯಾಂನಾಗ ಇವತ್ತು ಗೇಟ್ ಎಷ್ಟು ಎತ್ಯಾರ ಅನ್ನೂದು ಇದಕ್ಕ ಗೊತ್ತಿಲ್ಲ, ಡ್ಯಾಂಗೆ ಒಂದು ಸಾಮಾನ್ಯ ನಿಯಮ ಇಟ್ಟು ಲೆಕ್ಕ ಮಾಡ್ತೈತಿ. 2019ರ ಆಗಸ್ಟ್ ಮಹಾಪೂರ ನೋಡಿದವ್ರಿಗೆ ಗೇಟ್ ಅಂದ್ರ ಏನು ಅಂತ ಹೇಳೂದು ಬ್ಯಾಡ. ಅದಕ್ಕ ಕೊಯ್ನಾ, ವಾರಣಾ ಹೊರಹರಿವು, ರಾಜಾಪುರ ಬ್ಯಾರೇಜಿನ ಕ್ಯೂಸೆಕ್ ದಿನಾ ಜೋಡಿ ನೋಡ್ರಿ, ಹೊಳಿ ಈಗ ಎಷ್ಟು ಮಟ್ಟದಾಗ ಐತಿ ಅನ್ನೂದಕ್ಕ ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಆ್ಯಪ್ ಐತಿ. ಇನ್ನೊಂದು, ಗ್ಲೋಫಾಸ್ ಲೆಕ್ಕ ಕ್ಯೂಮೆಕ್‌ನಾಗ (ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಅಂತ), 35.3ರಿಂದ ಗುಣಿಸಿದ್ರ ಕ್ಯೂಸೆಕ್. ಆದ್ರ ಹಂಗ ಗುಣಿಸಿ ರಾಜಾಪುರದ ನಂಬರಿಗೆ ಹೋಲಿಸಿ ನೋಡಬ್ಯಾಡ್ರಿ, ಕಂಪ್ಯೂಟರ್ ಲೆಕ್ಕದ ನೀರು ಖರೇ ನೀರಿಗಿಂತ ಹೆಚ್ಚುಕಮ್ಮಿ ಇರ್ತೈತಿ, ಯಾವ ಮಟ್ಟ ದಾಟ್ತೈತಿ ಅನ್ನೂದಷ್ಟ ನಂಬ್ರಿ. ಸಣ್ಣ ಹಳ್ಳ ಇದರಾಗ ಸಿಗೂದಿಲ್ಲ, ನೆಲಾನ ಚೌಕ ಚೌಕ ಮಾಡಿ ಲೆಕ್ಕ ಹಾಕ್ತಾರ, ಒಂದೊಂದು ಚೌಕದ ಬದಿ ಸುಮಾರು 5 ಕಿಲೋಮೀಟರ್.

ಮುಂದಿನ ತಿಂಗಳುಗಳ ಅಂದಾಜೂ ಐತಿ, ಬ್ಯಾಸಗಿ ಕೊನಿಗೆ ಜಾಕ್‌ವೆಲ್ (ಹೊಳಿ ನೀರು ಎತ್ತೋ ಬಾವಿ) ಬತ್ತಿದಾಗ ಕುಡಿಯೋ ನೀರು ನೋಡಕೊಳ್ಳೋ ಪಂಚಾಯ್ತಿಯವ್ರು ಒಮ್ಮೆ ಕಣ್ಣಾಡಸ್ರಿ, ಪೂರ್ತಿ ಅದರ ಮ್ಯಾಲ ಭಾರ ಹಾಕಬ್ಯಾಡ್ರಿ.

5ಕ್ಕ 4 ಸ್ಟಾರ್. ಒಂದು ಕಡಿಮಿ ಮಾಡಿದ್ದು ಕನ್ನಡ ಇಲ್ಲಂತ. ಆ ಪರ್ಸೆಂಟ್ ಟೇಬಲ್ ಒಂದನ್ನರ ಯಾರಾದ್ರೂ ಕನ್ನಡದಾಗ ಮಾಡಿ ದಂಡಿ ಊರಿನ ವಾಟ್ಸಾಪ್ ಗ್ರೂಪಿಗೆ ದಿನಾ ಹಾಕ್ರೆಪ್ಪ.