ಕಕ್ಕಡದ ಮಳೆಯಲ್ಲಿ ನಾಲ್ಕು ಚಿತ್ರಕಾದಂಬರಿ: ಯಾವುದು ಯಾರಿಗೆ?

ನಮ್ಮ ಗುಂಪಿನ ಡ್ರಾಯಿಂಗ್ ಮೇಷ್ಟ್ರಿಗೆ ಬಹಳ ದಿನದಿಂದ ಒಂದು ಆಸೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡ ಜರಿದಾಗ ಅವರ ಚಿಕ್ಕಮ್ಮ ಉಟ್ಟ ಸೀರೆಯಲ್ಲೇ ಮನೆ ಬಿಟ್ಟು ಓಡಿದವರು. ಆ ರಾತ್ರಿಯನ್ನು ಚಿತ್ರದಲ್ಲಿ ಹೇಳಬೇಕು ಅನ್ನುವುದು ಮೇಷ್ಟ್ರ ಆಸೆ. ಹೇಗೆ ಹೇಳುವುದು ಅಂತ ಮಾತ್ರ ಗೊತ್ತಿರಲಿಲ್ಲ. ನಮಗೆಲ್ಲ ಕಾಮಿಕ್ಸ್ ಅಂದರೆ ಬಾಲಮಂಗಳದ ಡಿಂಗ, ಅಮರ ಚಿತ್ರಕಥೆ, ಆಮೇಲೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್. ಡಿಂಗನ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಆದರೆ ಆ ರಾತ್ರಿ ಚಿಕ್ಕಮ್ಮನನ್ನು ಕೈಹಿಡಿದು ಕರೆದುಕೊಂಡು ಹೋದವರು ಪಕ್ಕದ ಮನೆ ಹುಡುಗರು. ಅಂಥವರ ಕಥೆ ಹೇಳುವ ಚಿತ್ರಪುಸ್ತಕ ನಾವು ಯಾರೂ ಓದಿರಲಿಲ್ಲ.

ಹಾಗಾಗಿ ಕಳೆದ ಕಕ್ಕಡದಲ್ಲಿ, ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಒಂದು ಕೆಲಸ ಮಾಡಿದೆವು. ನಾಲ್ಕು ಪುಸ್ತಕ ತರಿಸಿದೆವು: ಮಾರ್ಜಾನ್ ಸತ್ರಾಪಿಯ ‘ಪರ್ಸೆಪೊಲಿಸ್’, ಆರ್ಟ್ ಸ್ಪೀಗೆಲ್‌ಮನ್‌ನ ‘ಮೌಸ್’, ಜೋ ಸಾಕೊನ ‘ಪ್ಯಾಲೆಸ್ಟೈನ್’, ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರ ಬರೆದ ‘ಭೀಮಾಯಣ’. ವಾರಕ್ಕೊಂದು ಮನೆಯಂತೆ ನಾಲ್ಕೂ ಸುತ್ತಿದವು. ಮೇಷ್ಟ್ರು, ಗೋಣಿಕೊಪ್ಪದಲ್ಲಿ ಔಷಧದ ಅಂಗಡಿ ಇಟ್ಟಿರುವ ಗೆಳೆಯ, ಸಿದ್ದಾಪುರ ಕಡೆ ತೋಟ ನೋಡಿಕೊಳ್ಳುವ ಗೆಳತಿ, ಮತ್ತೆ ನಾನು. ಭಾನುವಾರ ಮಧ್ಯಾಹ್ನ ಅಮ್ಮತ್ತಿ ಹತ್ತಿರದ ನಮ್ಮ ಮನೆಯಲ್ಲಿ ಸೇರುತ್ತಿದ್ದೆವು. ಇಂಗ್ಲಿಷ್ ಓದಲು ಬಾರದ ನನ್ನ ಅಮ್ಮನಿಗೆ ನಾನು ಕನ್ನಡ ಮಾಡಿ ಹೇಳುತ್ತಿದ್ದೆ. ಕೊನೆಕೊನೆಗೆ ಅಮ್ಮನ ಮಾತನ್ನೇ ಎಲ್ಲರೂ ಕಾಯುವಂತಾಯಿತು.

ಬೇಗ ಓದಿಸಿಕೊಂಡದ್ದು ಪರ್ಸೆಪೊಲಿಸ್. ಔಷಧದ ಅಂಗಡಿಯವನು ಗಿರಾಕಿಗಳ ನಡುವೆಯೇ ಎರಡು ದಿನದಲ್ಲಿ ಮುಗಿಸಿದ. ಕರೆಂಟಿಲ್ಲದ ರಾತ್ರಿ ಎಮರ್ಜೆನ್ಸಿ ದೀಪದ ಬೆಳಕಲ್ಲೂ ಓದಲು ಕಣ್ಣಿಗೆ ತ್ರಾಸ ಆಗಲಿಲ್ಲ. ಇಡೀ ಪುಸ್ತಕ ಅಚ್ಚ ಕಪ್ಪು ಅಚ್ಚ ಬಿಳುಪು, ನಡುವೆ ಬೂದು ಬಣ್ಣವೇ ಇಲ್ಲ. ಇರಾನಿನಲ್ಲಿ 1979ರ ಕ್ರಾಂತಿ ಆದಾಗ ಟೆಹರಾನಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿ, ಮರುವರ್ಷ ತಲೆಗೆ ಬಟ್ಟೆ ಕಟ್ಟಿಕೊಂಡು ಕ್ಲಾಸಿನಲ್ಲಿ ಕೂರಬೇಕಾಗುತ್ತದೆ. ಅಲ್ಲಿಂದಲೇ ಕಥೆ ಶುರು. ಮೊದಲ ಪುಟದ ಕ್ಲಾಸ್ ಫೋಟೊದಲ್ಲಿ ಅವಳು ಎಡತುದಿಯಲ್ಲಿ ಕೂತಿದ್ದಾಳೆ, ಚೌಕಟ್ಟು ಅವಳನ್ನು ಕತ್ತರಿಸಿಬಿಟ್ಟಿದೆ. ನಮ್ಮೆಲ್ಲರ ಮನೆಯಲ್ಲೂ ಅಂಥ ಒಂದು ಶಾಲೆಯ ಫೋಟೊ ಇದೆ ತಾನೇ?

ಅದರಲ್ಲಿ ಒಂದು ಪುಟವನ್ನು ನಾನು ಅಮ್ಮನಿಗೆ ಎರಡು ಸಲ ತೋರಿಸಿದೆ. ಇರಾಕ್ ಜೊತೆಗಿನ ಯುದ್ಧಕ್ಕೆ ಬಡ ಹುಡುಗರನ್ನು ಕಳಿಸುವಾಗ ಅವರ ಕೈಗೆ ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಬೀಗದ ಕೈ ಕೊಟ್ಟಿರುತ್ತಾರೆ, ಸತ್ತರೆ ಸ್ವರ್ಗದ ಬಾಗಿಲು ತೆಗೆಯಲು. ಮೇಲಿನ ಚೌಕದಲ್ಲಿ ಆ ಹುಡುಗರು ನೆಲಬಾಂಬಿಗೆ ಸಿಕ್ಕಿ ಗಾಳಿಯಲ್ಲಿ ಚೆಲ್ಲಿಹೋಗುತ್ತಿದ್ದಾರೆ, ಕೊರಳಲ್ಲಿ ಬೀಗದ ಕೈ. ಕೆಳಗಿನ ಚೌಕದಲ್ಲಿ ಸತ್ರಾಪಿ ಮತ್ತು ಅವಳ ಗೆಳೆಯರು ಪಾರ್ಟಿಯಲ್ಲಿ ಕುಣಿಯುತ್ತಿದ್ದಾರೆ. ಕೈಕಾಲು ಹಾರಿದ ರೀತಿ ಎರಡರಲ್ಲೂ ಒಂದೇ. ಅಮ್ಮ ಪುಟವನ್ನು ದೀಪದ ಹತ್ತಿರ ಹಿಡಿದು, ‘ಇದು ಒಂದೇ ದಿನವಾ?’ ಅಂದರು. ಕೊಡಗಿನಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳಿಸದ ಮನೆ ಹುಡುಕಿದರೆ ಸಿಕ್ಕೀತು, ಕಳಿಸಿದವರನ್ನು ಅರಿಯದ ಮನೆ ಸಿಗದು. ಅಮ್ಮ ಆ ಸಂಜೆ ಹೆಚ್ಚು ಮಾತಾಡಲಿಲ್ಲ.

ಪರ್ಸೆಪೊಲಿಸ್‌ನಲ್ಲಿ ನನಗೆ ಕೊರತೆ ಅನ್ನಿಸಿದ್ದು ಎರಡನೇ ಭಾಗ. ಹದಿನಾಲ್ಕರ ಹುಡುಗಿ ವಿಯೆನ್ನಾಗೆ ಹೋದ ಮೇಲೆ ಬಿಗಿ ಸಡಿಲವಾಗುತ್ತದೆ. ಗೆಳತಿ ಇದನ್ನು ಒಪ್ಪುವುದಿಲ್ಲ. ಪಿಯುಸಿಗೆ ಬೆಂಗಳೂರು ಹಾಸ್ಟೆಲ್ ಸೇರಿದ ಅವಳಿಗೆ ಆ ಭಾಗವೇ ಹೆಚ್ಚು ತಟ್ಟಿದ್ದು.

ಮೌಸ್ ಓದುವುದು ಬೇರೆ ಥರದ ಕೆಲಸ. ಯಹೂದಿಗಳು ಇಲಿ, ಜರ್ಮನ್ನರು ಬೆಕ್ಕು, ಪೋಲರು ಹಂದಿ. ಇಷ್ಟು ಕೇಳಿದವರಿಗೆ ಮಕ್ಕಳ ಕಥೆ ಅನ್ನಿಸಬಹುದು. ಆದರೆ ಇದು ಸ್ಪೀಗೆಲ್‌ಮನ್‌ನ ಅಪ್ಪ ವ್ಲಾಡೆಕ್ ನಾಜಿಗಳ ಸಾವಿನ ಕ್ಯಾಂಪಾದ ಆಶ್ವಿಟ್ಜ್‌ನಿಂದ ಬದುಕಿ ಬಂದ ಕಥೆ. ಎರಡು ಸಂಪುಟ, 1986 ಮತ್ತು 1991. 1992ರಲ್ಲಿ ಇದಕ್ಕೆ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಬಂತು. ಪೋಲೆಂಡಿನಲ್ಲಿ ಹಂದಿಯ ವಿಷಯಕ್ಕೆ ಸಿಟ್ಟೂ ಎದ್ದಿತ್ತು, ನಮ್ಮ ಗೆಳತಿಗೂ ಅದು ಕೊನೆಯವರೆಗೆ ಹಿಡಿಸಲಿಲ್ಲ. ‘ಒಂದು ಜನಾಂಗಕ್ಕೆ ಒಂದು ಪ್ರಾಣಿ ಅಂತ ಮುದ್ರೆ ಒತ್ತಿದರೆ ಹಿಟ್ಲರ್ ಮಾಡಿದ್ದೂ ಅದೇ ಅಲ್ಲವಾ?’ ಅಂತ ವಾದ ಹೂಡಿದಳು. ಯಹೂದಿಗಳು ಪೋಲರಂತೆ ನಟಿಸಿ ಬೀದಿಯಲ್ಲಿ ಹೋಗುವಾಗ ಇಲಿಯ ಮುಖಕ್ಕೆ ಹಂದಿಯ ಮುಖವಾಡ, ಹಿಂದೆ ಕಟ್ಟಿದ ದಾರವೂ ಕಾಣುತ್ತದೆ. ಈ ಗುರುತುಗಳೆಲ್ಲ ಮೇಲಿನಿಂದ ಹಾಕಿದ್ದು ಅಂತ ಹೇಳುವುದಕ್ಕೇ ಆ ದಾರ ಇದೆ ಅನ್ನುವುದು ನನ್ನ ಓದು. ಅವಳು ತಲೆ ಅಲ್ಲಾಡಿಸಿದಳು, ಒಪ್ಪಿದಂತೆ ಅಲ್ಲ.

ಮೇಷ್ಟ್ರು ಮಾತ್ರ ಈ ಪುಸ್ತಕ ಹಿಡಿದು ಮೂರು ವಾರ ಬಿಡಲಿಲ್ಲ. ಅವರನ್ನು ಹಿಡಿದದ್ದು ಯುದ್ಧಕ್ಕಿಂತ ಅಪ್ಪ ಮಗ ಕೂತು ಮಾತಾಡುವ ನ್ಯೂಯಾರ್ಕಿನ ಮನೆ. ಮುದುಕ ವ್ಯಾಯಾಮದ ಸೈಕಲ್ ತುಳಿಯುತ್ತಾ ಕಥೆ ಶುರುಮಾಡುತ್ತಾನೆ, ಹ್ಯಾಂಡಲ್ ಹಿಡಿದ ಕೈಯಲ್ಲಿ ಕ್ಯಾಂಪಿನಲ್ಲಿ ಚುಚ್ಚಿದ ನಂಬರು. ನಡುವೆ ಮಾತ್ರೆ ಎಣಿಸುತ್ತಾನೆ, ಎಣಿಕೆ ತಪ್ಪಿದರೆ ಮಗನಿಗೆ ಬೈಯುತ್ತಾನೆ. ಎಲ್ಲಿಂದಲೋ ಎಲ್ಲಿಗೋ ಜಾರುತ್ತಾನೆ. ‘ನನ್ನ ಚಿಕ್ಕಮ್ಮ ಹೀಗೇ ಕಣೋ,’ ಅಂದರು ಮೇಷ್ಟ್ರು. ‘ಗುಡ್ಡ ಬಂದದ್ದು ಹೇಳುತ್ತಾ ಹೇಳುತ್ತಾ ಹಾಲಿನವನ ಲೆಕ್ಕಕ್ಕೆ ಹೋಗುತ್ತಾರೆ. ಅದನ್ನೆಲ್ಲ ತೆಗೆದುಹಾಕಿ ಗುಡ್ಡ ಮಾತ್ರ ಬರೆಯಬೇಕು ಅಂದುಕೊಂಡಿದ್ದೆ.’

ಒಂದು ಚೌಕ ನಾವೆಲ್ಲ ನೋಡಿಯೂ ಕಾಣದೆ ದಾಟಿದ್ದೆವು. ವ್ಲಾಡೆಕ್ ಮತ್ತು ಹೆಂಡತಿ ಆನ್ಯಾ ಅಡಗಲು ಜಾಗವಿಲ್ಲದೆ ರಸ್ತೆ ಕೂಡುವ ಕಡೆ ನಿಂತಿದ್ದಾರೆ. ಬೆನ್ನು ನಮ್ಮ ಕಡೆ, ಇಬ್ಬರೂ ಚಿಕ್ಕದಾಗಿ. ಅವರ ಮುಂದೆ ಕವಲೊಡೆದ ದಾರಿಗಳು ಸೇರಿ ನಾಜಿಗಳ ಸ್ವಸ್ತಿಕದ ಆಕಾರವೇ ಆಗಿದೆ. ಯಾವ ಕಡೆ ನಡೆದರೂ ಅದರೊಳಗೇ. ಇದನ್ನು ತೋರಿಸಿದ್ದು ಅಮ್ಮ. ಅಕ್ಷರ ಓದದ ಕಣ್ಣು ಗೆರೆಯನ್ನು ಓದಿತ್ತು.

ಪ್ಯಾಲೆಸ್ಟೈನ್ ನಮ್ಮಲ್ಲಿ ಇಬ್ಬರಿಂದ ಪೂರ್ತಿ ಓದಿಸಿಕೊಳ್ಳಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಸಾಕೊ 1991ರ ಕೊನೆ, 1992ರ ಆರಂಭದ ಚಳಿಗಾಲದಲ್ಲಿ ವೆಸ್ಟ್ ಬ್ಯಾಂಕ್, ಗಾಜಾ ಸುತ್ತಿ ಜನರ ಮಾತು ಕೇಳಿ, 1993ರಿಂದ ಒಂಬತ್ತು ಸಂಚಿಕೆಗಳಲ್ಲಿ ಹೊರತಂದದ್ದು ಇದು. ಮಾತು ಬಹಳ, ಗೆರೆಯ ಮೇಲೆ ಗೆರೆ ಎಳೆದು ತುಂಬಿದ ಪುಟಗಳು. ಎಮರ್ಜೆನ್ಸಿ ದೀಪದಲ್ಲಿ ಓದಲು ಹೋಗಿ ನನಗೆ ತಲೆನೋವು ಬಂತು. ಹಗಲಲ್ಲೇ ಓದಿ. ಆದರೆ ಗಾಜಾದ ನಿರಾಶ್ರಿತರ ಕ್ಯಾಂಪಿನ ಕೆಸರನ್ನು ಅವನು ಬರೆದ ರೀತಿ ನೋಡಿ ಕೊಡಗಿನವರಾದ ನಮಗೆ ಮಾತು ನಿಂತುಹೋಯಿತು. ಗಾಲಿಯ ಗುರುತು, ನಿಂತ ನೀರು, ಚಪ್ಪಲಿ ಕಿತ್ತುಕೊಳ್ಳುವ ಅಂಟು ಕೆಸರು, ತಗಡಿನ ಮೇಲೆ ಗಾಳಿಗೆ ಹಾರದಂತೆ ಇಟ್ಟ ಕಲ್ಲು. ಮನೆಮನೆಯಲ್ಲಿ ಕೂರಿಸಿ ಸಕ್ಕರೆ ಸುರಿದ ಟೀ ಕೊಡುತ್ತಾರೆ, ಅದನ್ನೂ ಬಿಡದೆ ಬರೆದಿದ್ದಾನೆ.

ಮೇಷ್ಟ್ರು ಇಲ್ಲಿ ಕಲಿತದ್ದು ಒಂದೇ ಅಧ್ಯಾಯದಿಂದ. ಇಸ್ರೇಲಿನವರು ಒಬ್ಬ ಮನುಷ್ಯನನ್ನು ಹಿಡಿದು, ತಲೆಗೆ ಚೀಲ ಹಾಕಿ, ದಿನಗಟ್ಟಲೆ ಕೂಡಿಹಾಕಿ ವಿಚಾರಣೆ ಮಾಡುತ್ತಾರೆ. ಮೊದಲ ಪುಟದಲ್ಲಿ ಚೌಕಗಳು ದೊಡ್ಡವು. ದಿನ ಕಳೆದಂತೆ ಪುಟಕ್ಕೆ ಚೌಕ ಹೆಚ್ಚುತ್ತಾ, ಒಂದೊಂದೂ ಚಿಕ್ಕದಾಗುತ್ತಾ, ಕೊನೆಗೆ ಬೆಂಕಿಪೊಟ್ಟಣದಷ್ಟಾಗುತ್ತದೆ. ನಡುವಿನ ಜಾಗವೆಲ್ಲ ಕಪ್ಪು. ಓದುವವನಿಗೇ ಉಸಿರು ಕಟ್ಟುತ್ತದೆ. ಹೊರಗೆ ಬಿಟ್ಟ ದಿನ ಮತ್ತೆ ಬೀದಿ, ಜನ, ಬೆಳಕು. ಸಿನಿಮಾಕ್ಕೆ ಪರದೆಯ ಅಳತೆ ಒಂದೇ, ಕಾದಂಬರಿಗೆ ಅಳತೆಯೇ ಇಲ್ಲ. ಇದು ಚಿತ್ರಪುಸ್ತಕಕ್ಕೆ ಮಾತ್ರ ಆಗುವ ಕೆಲಸ ಅಂತ ನನಗೆ ಆ ದಿನ ಖಾತ್ರಿಯಾಯಿತು.

ಭೀಮಾಯಣದಲ್ಲಿ ಚೌಕವೇ ಇಲ್ಲ. 2011ರಲ್ಲಿ ನವಯಾನ ಪ್ರಕಟಿಸಿದ್ದು, ಅಂಬೇಡ್ಕರ್ ಬದುಕಿನ ಕಥೆ, ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದ್ದು. ವ್ಯಾಮ್ ದಂಪತಿ ಮಧ್ಯಪ್ರದೇಶದ ಪರಧಾನ್ ಗೊಂಡ ಕಲಾವಿದರು. ಜನರನ್ನು ಪೆಟ್ಟಿಗೆಯೊಳಗೆ ತುರುಕಲು ಅವರು ಒಪ್ಪಲಿಲ್ಲ, ನಮ್ಮ ಕಲೆಯಲ್ಲಿ ಎಲ್ಲರಿಗೂ ಉಸಿರಾಡಲು ಜಾಗ ಬೇಕು ಅಂದರು. ಪುಟವನ್ನು ಭಾಗ ಮಾಡುವುದು ಅವರ ಮನೆಗೋಡೆಗಳ ದಿಗ್ನಾ ವಿನ್ಯಾಸ. ಮೆತ್ತಗೆ ಆಡಿದ ಮಾತು ಬರೆಯಲು ಹಕ್ಕಿಯ ಆಕಾರದ ಗುಳ್ಳೆ, ಚುಚ್ಚುವ ಮಾತಿಗೆ ಚೇಳಿನ ಕೊಂಡಿಯ ಬಾಲ, ಮನಸ್ಸಿನೊಳಗಿನ ಮಾತಿಗೆ ಒಂದು ಕಣ್ಣು.

ಅಮ್ಮನಿಗೆ ನಾನು ಕನ್ನಡ ಮಾಡಿ ಹೇಳುವುದು ಇಲ್ಲಿ ಬೇಕೇ ಆಗಲಿಲ್ಲ. ಶಾಲೆಯಲ್ಲಿ ಹುಡುಗ ಭೀಮ ನೀರು ಕೇಳುವ ಪುಟದಲ್ಲಿ ಕೊಂಡಿ ಇರುವ ಗುಳ್ಳೆ ನೋಡಿದ್ದೇ ತಡ, ‘ಬೈಯ್ದನಾ?’ ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಅಜ್ಜಿಯ ಕಾಲದಲ್ಲಿ ತೋಟದ ಲೈನ್‌ಮನೆಯ ಕೆಲಸದವರಿಗೆ ಕಾಫಿ ಕೊಡಲು ಹಿಂದಿನ ಬಾಗಿಲ ಪಕ್ಕ ಬೇರೆ ಲೋಟ ಕವುಚಿ ಇಟ್ಟಿರುತ್ತಿದ್ದದ್ದನ್ನು ಹೇಳಿದರು. ನನಗೆ ನಲವತ್ತು ದಾಟಿದೆ, ಈ ಮಾತು ನಮ್ಮ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಪುಸ್ತಕವೊಂದು ಇಷ್ಟು ಮಾಡಿದರೆ ನನಗೆ ಸಾಕು. ಆದರೂ ಕಥೆಯಾಗಿ ಹಿಡಿದು ಕೂರಿಸುವ ಗುಣ ಅದಕ್ಕೆ ಪರ್ಸೆಪೊಲಿಸ್‌ನಷ್ಟಿಲ್ಲ, ಬಸ್ ಸ್ಟಾಪಿನಲ್ಲಿ ಇಬ್ಬರು ಮಾತಾಡುವ ಭಾಗ ಕೆಲವು ಕಡೆ ಪಾಠದಂತೆ ಕೇಳುತ್ತದೆ.

ಐದನೆಯದಾಗಿ ಒರಿಜಿತ್ ಸೇನ್ ಅವರ ‘ರಿವರ್ ಆಫ್ ಸ್ಟೋರೀಸ್’ ಮೇಷ್ಟ್ರಿಗೆ ಸಿಕ್ಕಿತು. 1994ರದ್ದು, ನರ್ಮದಾ ಅಣೆಕಟ್ಟಿನ ವಿಷಯ, 2022ರಲ್ಲಿ ಮತ್ತೆ ಅಚ್ಚಾಗಿದೆ. ಒಂದು ಕಡೆ ಪತ್ರಕರ್ತನ ಕಥೆ, ಇನ್ನೊಂದು ಕಡೆ ಹಾಡುಗಾರ ಹೇಳುವ ಸೃಷ್ಟಿಯ ಕಥೆ. ದುಡಿ ಹಿಡಿದು ‘ಬಾಳೋ ಬಾಳೋ’ ಅಂತ ಜನಪದ ಹಾಡುವವರ ಕೊಡಗಿನವರಾದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಎಲ್ಲರೂ ಓದಿ ಆಗಿಲ್ಲವಾದ್ದರಿಂದ ಹೋಲಿಕೆಗೆ ಸೇರಿಸುತ್ತಿಲ್ಲ.

ಯಾರಾದರೂ ಬಂದು ಮೊದಲು ಯಾವುದು ಓದಲಿ ಅಂದರೆ ನಾನು ಪರ್ಸೆಪೊಲಿಸ್ ಕೊಡುತ್ತೇನೆ, ಎರಡನೇ ಯೋಚನೆಯೇ ಇಲ್ಲ. ಹದಿನೈದರ ಮಕ್ಕಳಿಗೂ ಆಗುತ್ತದೆ. ಮನೆಯ ಹಿರಿಯರ ಜೊತೆ ಕೂತು ನೋಡುವುದಾದರೆ ಭೀಮಾಯಣ. ಪತ್ರಿಕೆಯ ಕೆಲಸ ಮಾಡುವವರು ಪ್ಯಾಲೆಸ್ಟೈನ್ ಓದದೆ ಇರಬಾರದು. ಚಿತ್ರ ಬರೆಯುವ ಕೈ ಇದ್ದು ತನ್ನ ಮನೆಯ ಕಥೆ ಹೇಳಬೇಕು ಅನ್ನುವವರಿಗೆ ಮೌಸ್, ಅದನ್ನು ಮೀರಿದ್ದು ನನಗೆ ಕಾಣಲಿಲ್ಲ. ಇನ್ನೊಂದು ಮಾತು: ಮಳೆಗಾಲದಲ್ಲಿ ನುಣುಪು ಕಾಗದದ ಪುಟಗಳು ಒಂದಕ್ಕೊಂದು ಅಂಟುತ್ತವೆ. ಒಲೆಯ ಮೇಲಿನ ಅಟ್ಟದ ಬೆಚ್ಚಗಿನ ಜಾಗದಲ್ಲಿ, ಬಟ್ಟೆಯಲ್ಲಿ ಸುತ್ತಿ ಇಡಿ.

ಮೇಷ್ಟ್ರು ಈಗ ಹನ್ನೊಂದು ಪುಟ ಬರೆದಿದ್ದಾರೆ. ಮೊದಲ ಚೌಕದಲ್ಲಿ ಚಿಕ್ಕಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಎಳೆಬಿದಿರಿನ ಕಣಿಲೆ ಹೆಚ್ಚುತ್ತಾ ಕೂತಿದ್ದಾರೆ, ಹಾಲಿನವನ ಲೆಕ್ಕವೂ ಇದೆ. ಓಡುವ ದಾರಿಯ ಪುಟಗಳಲ್ಲಿ ಚೌಕಗಳು ಚಿಕ್ಕದಾಗುತ್ತಾ ಹೋಗುತ್ತವೆ. ಗುಡ್ಡ ಜರಿದದ್ದನ್ನು ಬರೆದೇ ಇಲ್ಲ. ‘ನಾನು ನೋಡಲಿಲ್ಲ, ಶಬ್ದ ಕೇಳಿದ್ದಷ್ಟೇ’ ಅಂದಿದ್ದರಂತೆ ಚಿಕ್ಕಮ್ಮ. ಅಲ್ಲಿ ಪುಟದ ತುಂಬ ಕಪ್ಪು ಮಸಿ ತುಂಬಿದ್ದಾರೆ. ಕಳೆದ ವಾರ ಚಿಕ್ಕಮ್ಮನಿಗೆ ತೋರಿಸಿದರು. ಕಪ್ಪು ಪುಟವನ್ನು ಅವರು ಸುಮ್ಮನೆ ತಿರುವಿಹಾಕಿದರು. ಅದಕ್ಕೆ ಹಿಂದಿನ ಪುಟದಲ್ಲಿ ಬೆರಳಿಟ್ಟು, ‘ಕೋಳಿಗೂಡು ಎಡಗಡೆ ಇತ್ತು, ಬಾವಿ ಪಕ್ಕ. ನೀನು ಬಲಗಡೆ ಹಾಕಿದ್ದೀ’ ಅಂದರು. ಮೇಷ್ಟ್ರು ಅಂಗಳದ ಚಿತ್ರವಿರುವ ಮೂರು ಪುಟವನ್ನೂ ಮತ್ತೆ ಬರೆಯುತ್ತಿದ್ದಾರೆ.