ದುರ್ಗಿಗುಡಿಯ ಜೆರಾಕ್ಸ್ ಅಂಗಡಿ: ನೆದರ್ಲೆಂಡ್ಸ್ ನೋಂದಣಿಯ ಕಾಗದಪತ್ರಕ್ಕೆ ಐದರಲ್ಲಿ ನಾಲ್ಕೂವರೆ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಕೆಲಸಕ್ಕೋ ಓದಿಗೋ ನೆದರ್ಲೆಂಡ್ಸ್‌ಗೆ ಹೊರಟವರು ಯಾರಾದರೂ ಇದ್ದರೆ, ಟಿಕೆಟ್ ಮಾಡಿಸುವ ಮೊದಲು ದುರ್ಗಿಗುಡಿ ಅಡ್ಡರಸ್ತೆಯ ಈ ಅಂಗಡಿಗೆ ಹೋಗಿ. ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಷನ್, ಪಾನ್ ಕಾರ್ಡ್, ಪಹಣಿ ಅಂತಷ್ಟೇ ಇದೆ. ಹೊರದೇಶದ ಕೆಲಸ ಮಾಡಿಕೊಡುತ್ತಾರೆ ಅಂತ ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ನಾನು, ನಮ್ಮ ಯಜಮಾನರು, ಮಗಳು ಆ ದೇಶದ ಐಂಡ್‌ಹೋವನ್ ಊರಿಗೆ ಹೋಗುವಾಗ ಕಾಗದಪತ್ರವೆಲ್ಲ ಇಲ್ಲೇ ಮಾಡಿಸಿದ್ದು. ಅಲ್ಲಿಗೆ ಹೋದ ಮೇಲೆ ನೋಂದಣಿ ಒಂದೇ ಸಲಕ್ಕೆ ಮುಗಿಯಿತು. ನಮ್ಮ ಜೊತೆ ಅದೇ ಸಮಯಕ್ಕೆ ಬಂದ ಕೆಲವರು ಊರಿಂದ ಸರ್ಟಿಫಿಕೇಟ್ ಕೊರಿಯರ್ ಬರಲಿ ಅಂತ ಇನ್ನೂ ಕಾಯುತ್ತಿದ್ದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ದೇಶದಲ್ಲಿ 4 ತಿಂಗಳಿಗಿಂತ ಜಾಸ್ತಿ ಇರಲು ಹೋದವರು, ಹೋದ 5 ದಿನದೊಳಗೆ ತಾವಿರುವ ಊರಿನ ಖೆಮೇಂಟೆಯಲ್ಲಿ, ಅಂದರೆ ನಮ್ಮ ನಗರಸಭೆಯಂಥ ಕಚೇರಿಯಲ್ಲಿ, ನಾವು ಇಲ್ಲಿಯ ನಿವಾಸಿಗಳು ಅಂತ ಹೆಸರು ಬರೆಸಬೇಕು. ಆ ದಾಖಲೆಗೆ ಬಿಆರ್‌ಪಿ ಅನ್ನುತ್ತಾರೆ. ಬರೆಸಿದ ಮೇಲೆ 9 ಅಂಕಿಯ ಬಿಎಸ್‌ಎನ್ ಸಂಖ್ಯೆ ಸಿಗುತ್ತದೆ. ಸಂಬಳ, ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ಮನೆ ಹತ್ತಿರದ ಡಾಕ್ಟರು, ಮಗುವಿನ ಶಾಲೆ, ಎಲ್ಲಕ್ಕೂ ಅದೇ ಸಂಖ್ಯೆ ಕೇಳುತ್ತಾರೆ. ಕೆಲಸ ಕೊಟ್ಟ ಕಂಪನಿಗೆ ಆ ಸಂಖ್ಯೆ ಕೊಡದಿದ್ದರೆ ಸಂಬಳದಲ್ಲಿ ಶೇ. 52ರಷ್ಟು ತೆರಿಗೆ ಹಿಡಿಯಬೇಕಾಗುತ್ತದೆ. ನೋಂದಣಿ ಮಾಡಿಸದೇ ಸುಮ್ನೆ ಇದ್ದರೆ 325 ಯೂರೋವರೆಗೆ ದಂಡ ಹಾಕಲೂಬಹುದು. ಬೇರೆ ಮನೆಗೆ ಹೋದರೆ ಮತ್ತೆ 5 ದಿನದೊಳಗೆ ಹೊಸ ವಿಳಾಸ ಹೇಳಬೇಕು. ಹಾಗಾಗಿ ಇದು ಆಮೇಲೆ ನೋಡಿಕೊಂಡರಾಯಿತು ಅನ್ನುವ ಕೆಲಸ ಅಲ್ಲ.

ಅಲ್ಲಿ ಕೇಳುವುದು ಪಾಸ್‌ಪೋರ್ಟ್, ಮನೆಯ ಬಾಡಿಗೆ ಕರಾರು, ಎಲ್ಲರ ಜನನ ಪ್ರಮಾಣಪತ್ರ, ಮದುವೆಯಾಗಿದ್ದರೆ ಮದುವೆ ನೋಂದಣಿ ಪತ್ರ. ಜನನ ಮತ್ತು ಮದುವೆ ಪತ್ರಕ್ಕೆ ಅಪೊಸ್ಟಿಲ್, ಅಂದರೆ ಪತ್ರದ ಸಹಿ, ಸೀಲು ಅಸಲಿ ಅಂತ ಹೊರದೇಶದವರಿಗಾಗಿ ನಮ್ಮ ಸರ್ಕಾರ ಕೊಡುವ ದೃಢೀಕರಣ, ಆಗಿರಬೇಕು. ಇದರಲ್ಲಿ ಮನೆ ಕರಾರು ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಇಲ್ಲೇ, ನಮ್ಮ ತಾಲ್ಲೂಕು ಕಚೇರಿ, ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸು, ಬೆಂಗಳೂರು ಅಂತ ಓಡಾಡಿ ಆಗಬೇಕಾದ ಕೆಲಸ. ನೆದರ್ಲೆಂಡ್ಸ್‌ಗೆ ಹೋಗಿ ಕೂತು ಇದನ್ನು ಮಾಡಿಸುವುದು ಎಷ್ಟು ಕಷ್ಟ ಅಂತ ಯಾರನ್ನು ಬೇಕಾದರೂ ಕೇಳಿ.

ಈ ಅಂಗಡಿ ನಡೆಸುವ ಅಕ್ಕ ಮೊದಲು ಕೇಳಿದ್ದು ಯಾವ ದೇಶ, ಯಾವ ಊರು, ಎಷ್ಟು ದಿನ ಇರುತ್ತೀರಿ, ಯಾರ್‍ಯಾರು ಹೋಗುತ್ತೀರಿ ಅಂತ. ಆಮೇಲೆಯೇ ಕಾಗದದ ಮಾತು. ನಾವು ಮೊದಲು ಬೆಂಗಳೂರಿನ ಒಂದು ಏಜೆನ್ಸಿಗೆ ಫೋನ್ ಮಾಡಿದ್ದೆವು. ಅವರು ಕೇಳಿದ್ದು ಎಷ್ಟು ಡಾಕ್ಯುಮೆಂಟ್ ಇದೆ ಅಂತ ಒಂದೇ ಪ್ರಶ್ನೆ. ತಕ್ಷಣ ರೇಟ್ ಹೇಳಿದರು. ಯಜಮಾನರ ಡಿಗ್ರಿ ಸರ್ಟಿಫಿಕೇಟಿಗೂ ಸೇರಿಸಿ ಲೆಕ್ಕ ಹಾಕಿದ್ದರು. ನೋಂದಣಿಗೆ ಡಿಗ್ರಿ ಕೇಳುವುದಿಲ್ಲ ಅಂತ ಹೇಳಿ ಆ ಖರ್ಚು ಬಿಡಿಸಿದ್ದು ಈ ಅಕ್ಕ. ಹಾಗೆ ಬಿಡಿಸಿದರೆ ಅವರಿಗೇ ದುಡ್ಡು ಕಡಿಮೆ ಬರುತ್ತದೆ, ಆದರೂ ಹೇಳಿದರು.

ನಮ್ಮಲ್ಲಿ ದೊಡ್ಡ ತಲೆನೋವಾಗಿದ್ದು ಯಜಮಾನರ ಜನನ ಪ್ರಮಾಣಪತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಟ್ಟಿದ್ದರು, ಹಾಗಾಗಿ ಇಷ್ಟು ವರ್ಷ ಅದು ಬೇಕಾಗಿಯೇ ಇರಲಿಲ್ಲ. ನಮ್ಮ ಕಡೆ ಬಹಳ ಜನರದ್ದು ಇದೇ ಕಥೆ ಅಲ್ವಾ? ಆದರೆ ಖೆಮೇಂಟೆಯವರಿಗೆ ಹುಟ್ಟಿದ ದಿನ ಒಂದೇ ಸಾಲದು, ಅಪ್ಪ ಅಮ್ಮನ ಹೆಸರಿನ ಸಮೇತ ಜನನದ ದಾಖಲೆ ಬೇಕು. ಶಿವಮೊಗ್ಗ ನಗರದ ದಾಖಲೆಯಲ್ಲಿ ಹುಡುಕಿಸಿದರೆ ಹೆಸರಿಲ್ಲ. ನೋಂದಣಿಯೇ ಆಗಿಲ್ಲ ಅಂದರೆ ಕೆಲಸ ಉದ್ದ. ಜನನ ಮರಣ ನೋಂದಣಿ ಕಾಯ್ದೆ 1969ರ ಪ್ರಕಾರ ಹುಟ್ಟಿ ಒಂದು ವರ್ಷ ದಾಟಿದ ಮೇಲೆ ಬರೆಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೆ ಮೊದಲು ದಾಖಲೆ ಲಭ್ಯವಿಲ್ಲ ಅಂತ ಬರೆಸಿಕೊಂಡು ಬರಬೇಕು, ಅಫಿಡವಿಟ್ ಬೇಕು. ಯಜಮಾನರು ವಕೀಲರನ್ನು ಹುಡುಕಲು ಹೊರಟಿದ್ದರು. ಆಗ ಅಕ್ಕ ನಮ್ಮ ಅತ್ತೆಗೆ ಫೋನ್ ಮಾಡಿಸಿ ಒಂದೇ ಮಾತು ಕೇಳಿದರು: "ಅಮ್ಮ, ಇವರ ಹೆರಿಗೆ ಆಗಿದ್ದು ಎಲ್ಲಿ?"

ಹೆರಿಗೆ ಆಗಿದ್ದು ಹೊಸನಗರ ತಾಲ್ಲೂಕಿನಲ್ಲಿ, ಅತ್ತೆಯ ತವರಿನಲ್ಲಿ. ಮಲೆನಾಡಿನಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ಬೆಳೆದ ಊರಿನಲ್ಲಲ್ಲ. ಹೊಸನಗರದಲ್ಲಿ ವಿಚಾರಿಸಿದರೆ ಹಳೇ ಪುಸ್ತಕದಲ್ಲಿ ಕೈಬರಹದ ಒಂದು ಸಾಲು ಸಿಕ್ಕಿತು. ಅಜ್ಜ ಬರೆಸಿದ್ದರು. ಅತ್ತೆಗೆ ಅದು ಗೊತ್ತೇ ಇರಲಿಲ್ಲ, ಫೋನಿನಲ್ಲಿ ಕೇಳಿ ಅವರ ಗಂಟಲು ಕಟ್ಟಿತು. ದಾಖಲೆ ಸಿಗುತ್ತಿಲ್ಲ ಅಂತ ಕೂತಿರುವವರು ಮ್ಯಾಜಿಸ್ಟ್ರೇಟರ ಹತ್ತಿರ ಹೋಗುವ ಮೊದಲು ಅಮ್ಮನ ತವರಿನ ತಾಲ್ಲೂಕಿನಲ್ಲಿ ಒಮ್ಮೆ ಹುಡುಕಿಸಿ ನೋಡಿ ಮಾರಾಯ್ರೆ.

ಹೊಸದಾಗಿ ತೆಗೆಸಿದ ಪತ್ರದಲ್ಲಿ ಕನ್ನಡ ಇಂಗ್ಲಿಷ್ ಎರಡೂ ಇರುತ್ತದೆ. ಇಂಗ್ಲಿಷ್ ಇದ್ದರೆ ಅಲ್ಲಿ ಅನುವಾದ ಕೇಳುವುದಿಲ್ಲ. ಮನೆಯಲ್ಲಿ ಬರೀ ಕನ್ನಡದ ಹಳೇ ಪತ್ರ ಇದ್ದವರು ಅದನ್ನೇ ಹಿಡಿದುಕೊಂಡು ಹೋಗಬೇಡಿ, ಹೊಸದು ತೆಗೆಸಿಕೊಳ್ಳಿ.

ಪತ್ರ ಕೈಗೆ ಬಂದ ಮೇಲೆ ಅಕ್ಕ ಮಾಡಿದ ಕೆಲಸ ನೋಡಿ ನನಗೆ ಖುಷಿಯಾಯಿತು. ಪಾಸ್‌ಪೋರ್ಟ್ ಎಡಕ್ಕೆ, ಪ್ರಮಾಣಪತ್ರ ಬಲಕ್ಕೆ ಇಟ್ಟುಕೊಂಡು, ಸ್ಟೀಲ್ ಸ್ಕೇಲನ್ನು ಒಂದೊಂದು ಸಾಲಿನ ಕೆಳಗೆ ಇಟ್ಟು, ಅಕ್ಷರ ಅಕ್ಷರ ಬಾಯಲ್ಲಿ ಹೇಳಿಕೊಂಡು ಓದಿದರು. ಹೆಸರು, ಇನಿಷಿಯಲ್, ಅಪ್ಪನ ಹೆಸರು, ಅಮ್ಮನ ಹೆಸರು. ಮಾವನ ಹೆಸರಿನಲ್ಲಿ ಒಂದು ಕಡೆ ಒಂದು ಅಕ್ಷರ ಜಾಸ್ತಿ ಇತ್ತು, ಅದನ್ನು ಅಲ್ಲೇ ಹಿಡಿದು ತಿದ್ದುಪಡಿಗೆ ಕಳಿಸಿದರು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಹಳೇ ಇಂಗ್ಲಿಷ್ ಕಾಗುಣಿತದಲ್ಲಿ ಶಿಮೊಗ ಅಂತಿದೆ, ಪ್ರಮಾಣಪತ್ರದಲ್ಲಿ ಹಳ್ಳಿಯ ಹೆಸರು, ಜಿಲ್ಲೆ ಶಿವಮೊಗ್ಗ. 2014ರ ನವೆಂಬರ್ 1ರಿಂದ ಹೆಸರು ಬದಲಾಗಿದ್ದು ನಮಗೆ ಗೊತ್ತು, ಐಂಡ್‌ಹೋವನ್ ಕೌಂಟರಿನವರಿಗೆ ಹೇಗೆ ಗೊತ್ತಿರಬೇಕು? ಊರುಗಳ ಹೆಸರು ಬದಲಾದ ಸರ್ಕಾರಿ ಆದೇಶದ ಒಂದು ಪ್ರತಿಯನ್ನೂ ಫೈಲಿಗೆ ಹಾಕಿ ಕೊಟ್ಟರು. ಅಲ್ಲಿ ಆ ಪ್ರಶ್ನೆ ಬಂದೇ ಬಂತು. ತೋರಿಸಿದೆವು, ಮುಗಿಯಿತು.

ಬೋರ್ಡಿನಲ್ಲಿ ಲ್ಯಾಮಿನೇಷನ್ ಅಂತ ಬರೆದುಕೊಂಡವರೇ ಮಗಳ ಪ್ರಮಾಣಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ ಅಂತ ತಡೆದರು. ಅಪೊಸ್ಟಿಲ್ ಅಂದರೆ ಮೂಲ ಪತ್ರದ ಹಿಂದೆ ಅಂಟಿಸುವ, ನಂಬರ್ ಇರುವ ಒಂದು ಸ್ಟಿಕ್ಕರ್. ಪ್ಲಾಸ್ಟಿಕ್ ಮೇಲೆ ಅದನ್ನು ಅಂಟಿಸಿ ಸೀಲು ಹಾಕುವುದು ಹೇಗೆ?

ಮದುವೆ ಪತ್ರದ ವಿಷಯ ಬೇಗ ಮುಗಿಯಿತು. ನಮ್ಮದು ತೀರ್ಥಹಳ್ಳಿಯ ಛತ್ರದಲ್ಲಿ ಆದ ಮದುವೆ, ನೋಂದಣಿ ಮಾಡಿಸಿರಲಿಲ್ಲ. ಲಗ್ನಪತ್ರಿಕೆ, ಫೋಟೋ, ಸಾಕ್ಷಿಗಳನ್ನು ಹೊಂದಿಸಿಕೊಂಡು ಹೋದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗುತ್ತದೆ. ಅರ್ಜಿ ತುಂಬಿ, ಏನೇನು ತರಬೇಕು ಅಂತ ಕನ್ನಡದಲ್ಲಿ ಚೀಟಿ ಬರೆದು ಕೊಟ್ಟಿದ್ದು ಅಂಗಡಿಯವರೇ. ಲಗ್ನಪತ್ರಿಕೆ ಎಸೆದಿದ್ದರೆ ಮಾತ್ರ ಕಷ್ಟ, ಒಂದಾದರೂ ಎತ್ತಿಟ್ಟಿರಿ.

ಆಮೇಲಿನದು ಬೆಂಗಳೂರಿನ ಕೆಲಸ. ಜನನ, ಮದುವೆಯಂಥ ವೈಯಕ್ತಿಕ ದಾಖಲೆಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಅದಾದ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಭಾರತ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ. ಸಚಿವಾಲಯ ನಮ್ಮಿಂದ ನೇರವಾಗಿ ಕಾಗದ ತಗೊಳ್ಳುವುದಿಲ್ಲ, ಅವರು ಗೊತ್ತು ಮಾಡಿದ ಏಜೆನ್ಸಿ ಮೂಲಕವೇ ಹೋಗಬೇಕು. 2019ರಿಂದ ಇದು ಬೆಂಗಳೂರಿನಲ್ಲೇ ಆಗುತ್ತದೆ, ದೆಹಲಿಗೆ ಕಳಿಸುವ ಗೋಜಿಲ್ಲ. ಒಂದು ದಾಖಲೆಯ ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ 50 ರೂಪಾಯಿ, ಅದರ ಮೇಲೆ ಏಜೆನ್ಸಿಯ ಸಣ್ಣ ಚಾರ್ಜು. ಇದನ್ನು ತಿಳಿದುಕೊಂಡಿರಿ, ಯಾಕೆಂದರೆ ಒಂದೊಂದು ಕಾಗದಕ್ಕೆ ಸಾವಿರಾರು ರೂಪಾಯಿ ಹೇಳುವವರಿದ್ದಾರೆ, ಅದರಲ್ಲಿ ಬಹುಪಾಲು ಓಡಾಟದ ದುಡ್ಡು. ಇಲ್ಲಿಯ ಅಕ್ಕನೂ ಓಡಾಟದ ದುಡ್ಡು ತಗೊಳ್ಳುತ್ತಾರೆ, ಬಿಟ್ಟಿ ಮಾಡುವುದಿಲ್ಲ, ಮಾಡಲೂಬಾರದು. ಆದರೆ ಸರ್ಕಾರದ್ದು ಇಷ್ಟು, ಏಜೆನ್ಸಿಯದ್ದು ಇಷ್ಟು, ನನ್ನದು ಇಷ್ಟು ಅಂತ ಬೇರೆ ಬೇರೆ ಬರೆದು ತೋರಿಸಿದರು. ಒಟ್ಟು ಸೇರಿದರೂ ಬೆಂಗಳೂರಿನ ಏಜೆನ್ಸಿ ಹೇಳಿದ್ದರ ಅರ್ಧಕ್ಕೂ ಬರಲಿಲ್ಲ.

ಐಂಡ್‌ಹೋವನ್ ಕೌಂಟರಿನ ವಿಷಯ ಹೇಳದಿದ್ದರೆ ಈ ವಿಮರ್ಶೆ ಅರ್ಧವೇ. ಆ ಕಡೆ ಚಿಪ್ ಯಂತ್ರ ಮಾಡುವ ಎಎಸ್‌ಎಂಎಲ್ ಇರುವುದರಿಂದ ನಮ್ಮ ಜನ ಬೇಕಾದಷ್ಟಿದ್ದಾರೆ, ಸರದಿಯಲ್ಲಿ ಕನ್ನಡವೂ ಕೇಳಿಸುತ್ತದೆ. ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋಗಬೇಕು, ಮನೆಯವರೆಲ್ಲ ಹೋಗಬೇಕು, ಮಗುವನ್ನೂ ಕರೆದುಕೊಂಡೇ ಹೋಗಬೇಕು. ಕೌಂಟರಿನಲ್ಲಿದ್ದ ಹೆಂಗಸು ಪ್ರತಿ ಪತ್ರವನ್ನೂ ಮೊದಲು ತಿರುಗಿಸಿ ಹಿಂಭಾಗ ನೋಡಿದರು. ಸ್ಟಿಕ್ಕರ್ ಇದೆಯಾ, ನಂಬರ್ ಏನು. ಆಮೇಲೇ ಮುಂಭಾಗ ಓದಿದ್ದು. ಸ್ಕ್ಯಾನ್ ಮಾಡಿಕೊಂಡು ಮೂಲ ಪತ್ರ ವಾಪಸ್ ಕೊಟ್ಟರು. ನನಗೆ ಇಷ್ಟವಾದ ಇನ್ನೊಂದು ವಿಷಯ: ಪತ್ರ ಬರೆಯುವಾಗ ನಿಮ್ಮನ್ನು ನಿಮ್ಮ ಹೆಸರಿನಿಂದ ಕರೆಯಬೇಕಾ, ಗಂಡನ ಮನೆ ಹೆಸರಿನಿಂದಲಾ ಅಂತ ಕೇಳಿದರು. ದಾಖಲೆಯಲ್ಲಿ ನಮ್ಮ ಸ್ವಂತ ಹೆಸರೇ ಇರುತ್ತದೆ, ಕರೆಯುವುದು ಹೇಗೆ ಅನ್ನುವುದು ನಮ್ಮ ಇಷ್ಟ. ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸಲೇಬೇಕು ಅಂತ ಹೆದರಿಸಿದ್ದ ನೆಂಟರಿಗೆ ಇದನ್ನು ಫೋನ್ ಮಾಡಿ ಹೇಳಿದೆ.

ಮನೆಯ ವಿಷಯದಲ್ಲಿ ಮಾತ್ರ ಜಾಗ್ರತೆ. ಬಾಡಿಗೆ ಮನೆ ಜಾಹೀರಾತಿನಲ್ಲಿ ಈ ವಿಳಾಸದಲ್ಲಿ ನೋಂದಣಿ ಇಲ್ಲ ಅಂತ ಬರೆದಿರುವುದು ಬಹಳ. ಸಾಗರದಿಂದ ಓದಲು ಹೋದ ನಮ್ಮ ಚಿಕ್ಕಮ್ಮನ ಮಗ ಬಾಡಿಗೆ ಕಡಿಮೆ ಅಂತ ಅಂಥದ್ದೇ ಒಂದು ರೂಮ್ ಹಿಡಿದಿದ್ದ. ಮನೆ ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ. ವಿಳಾಸ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಬಿಎಸ್‌ಎನ್ ಇಲ್ಲ, ಹೋಟೆಲಿನ ಪಾರ್ಟ್ ಟೈಮ್ ಕೆಲಸ ಕೈ ತಪ್ಪಿತು. ದೂರದ ಊರಿನಲ್ಲಿ ಒಬ್ಬನೇ ಹುಡುಗ, ಚಿಕ್ಕಮ್ಮ ಇಲ್ಲಿ ಊಟ ಬಿಟ್ಟು ಕೂತಿದ್ದರು. ಈ ಅಂಗಡಿಯ ಅಕ್ಕ ಅಲ್ಲಿಯ ಮನೆ ಹುಡುಕಿಕೊಡುವವರಲ್ಲ, ಆದರೆ ನಮ್ಮ ಫೈಲ್ ಮುಚ್ಚುವ ಮೊದಲು "ಕರಾರಿನಲ್ಲಿ ನಿಮ್ಮಿಬ್ಬರ ಹೆಸರೂ ಇದೆಯಾ? ಹೆಸರು ಬರೆಸಲು ಬಿಡುತ್ತಾರಾ? ಕೇಳಿಕೊಂಡೇ ದುಡ್ಡು ಕಟ್ಟಿ" ಅಂದರು. ಹಿಂದೆ ಕಳಿಸಿದವರು ಫೋನ್ ಮಾಡಿ ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾರೆ. ನಾನೂ ಅಲ್ಲಿಂದ ಫೋನ್ ಮಾಡಿ ಆ ಕೌಂಟರಿನವರು ಏನೇನು ಕೇಳಿದರು ಅಂತ ಬರೆಸಿದ್ದೇನೆ.

ಅರ್ಧ ಅಂಕ ಕಳೆದಿದ್ದು ಯಾಕೆ ಅಂದರೆ, ಅಂಗಡಿ ತುಂಬಾ ಚಿಕ್ಕದು. ಕೂರಲು ಒಂದೇ ಸ್ಟೂಲು. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಕಷ್ಟ. ಮಧ್ಯಾಹ್ನ ಫೋನ್ ಎತ್ತುವುದಿಲ್ಲ. ನಮ್ಮ ಫೈಲು ಬೆಂಗಳೂರಿನಲ್ಲಿ ನಡುವೆ ಒಂದು ಕಡೆ ನಿಂತಾಗ ನಾವೇ ಹೋಗಿ ಕೇಳುವವರೆಗೂ ಸುದ್ದಿ ಬರಲಿಲ್ಲ. ಮೂಲ ಪತ್ರ ಬೇರೆಯವರ ಕೈಯಲ್ಲಿರುವಾಗ ಒಂದು ಮೆಸೇಜ್ ಹಾಕಿದರೂ ಸಾಕು, ಮನಸ್ಸಿಗೆ ಸಮಾಧಾನ. ರಸೀದಿಯನ್ನೂ ಕೇಳಿ ಪಡೆಯಬೇಕು, ಯಾವ ಯಾವ ಮೂಲ ಪತ್ರ ಕೊಟ್ಟಿದ್ದೀರಿ ಅಂತ ಅದರಲ್ಲಿ ಬರೆಸಿಕೊಳ್ಳಿ.

ಬೇರೆ ದೇಶಕ್ಕೆ ಹೋಗುವವರು ಮೊದಲು ಫೋನ್ ಮಾಡಿ ಕೇಳಿ. ನೀವು ಹೋಗುವ ದೇಶದ ನಿಯಮ ಅವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ನೇರವಾಗಿ ಹೇಳುತ್ತಾರೆ. ಮಕ್ಕಳ ಮನೆಗೆ ಎರಡು ಮೂರು ತಿಂಗಳು ಇದ್ದು ಬರಲು ಹೊರಟ ಅಪ್ಪ ಅಮ್ಮಂದಿರು ಇಷ್ಟೆಲ್ಲ ಮಾಡಿಸುವುದು ಬೇಡ, 4 ತಿಂಗಳಿಗಿಂತ ಕಡಿಮೆ ಇರುವವರಿಗೆ ಬಿಆರ್‌ಪಿಯಲ್ಲಿ ನಿವಾಸಿ ನೋಂದಣಿ ಬೇಕಿಲ್ಲ. ಮಳೆಗಾಲದಲ್ಲಿ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಕರೆಂಟ್ ಹೋದರೆ ಆನ್‌ಲೈನ್ ಅರ್ಜಿ ಆಗುವುದಿಲ್ಲ. ಪತ್ರಗಳನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲೇ ತಗೊಂಡು ಹೋಗಿ.